ಅಗ್ಗದ ಪುಟ್ಟ ರಿವಾಲ್ವರ್ ನಂಬಬಹುದಾ? ಕೊಳ್ಳುವ ಮುಂಚೆ ನೋಡಬೇಕಾದ್ದು

"300 ಡಾಲರಿನ ಟಾರಸ್ ಸಾಕಾ, ಇಲ್ಲ ಇನ್ನೊಂದು 150 ಸೇರಿಸಿ ಸ್ಮಿತ್ ಆ್ಯಂಡ್ ವೆಸ್ಸನ್ ತಗೊಳ್ಳಲಾ?" ಅಮೆರಿಕದಲ್ಲಿ ನೆಲೆಸಿರುವ ಕನ್ನಡದ ಗೆಳೆಯರು ಪದೇ ಪದೇ ಕೇಳುವ ಪ್ರಶ್ನೆ ಇದು. ತಡರಾತ್ರಿ ಶಿಫ್ಟ್ ಮುಗಿಸಿ ಪಾರ್ಕಿಂಗ್ ಲಾಟಿನಲ್ಲಿ ಒಬ್ಬರೇ ನಡೆಯುವವರು, ಅಂಗಡಿ ಮುಚ್ಚಿ ದುಡ್ಡು ಹಿಡಿದು ಹೊರಡುವವರು ಕೇಳುತ್ತಾರೆ. ಜೇಬಿನಲ್ಲೋ ಸೊಂಟದಲ್ಲೋ ಕಾಣದ ಹಾಗೆ ಇರಬೇಕು. ದುಬಾರಿ ಆಗಬಾರದು. ಬೇಕಾದಾಗ ಕೈ ಕೊಡಬಾರದು.

ಬೆಲೆಗಿಂತ ಮುಂಚೆ ವೀಸಾ ವಿಷಯ. ನೀವು ಎಚ್-1ಬಿ, ಎಚ್-4 ಅಥವಾ ಎಫ್-1ರಲ್ಲಿದ್ದರೆ ಈ ಖರೀದಿ ಸದ್ಯಕ್ಕೆ ಬೇಡ. ಇಂಥ ತಾತ್ಕಾಲಿಕ ವೀಸಾದಲ್ಲಿ ಇರುವವರು ಬಂದೂಕು ಕೊಳ್ಳುವುದಿರಲಿ, ಇಟ್ಟುಕೊಳ್ಳುವುದನ್ನೂ ಫೆಡರಲ್ ಕಾನೂನು ನಿಷೇಧಿಸಿದೆ. ಬೇಟೆಯ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಉಂಟು. ಆದರೆ ವಕೀಲರನ್ನು ಕೇಳದೆ ಆ ದಾರಿ ಹಿಡಿಯಬೇಡಿ, ವರ್ಷಗಟ್ಟಲೆ ಕಾದ ಗ್ರೀನ್ ಕಾರ್ಡಿಗೇ ಕುತ್ತು ಬರಬಹುದು. ಗ್ರೀನ್ ಕಾರ್ಡ್ ಇದ್ದವರು, ಪೌರತ್ವ ಪಡೆದವರು ಡೀಲರ್ ಹತ್ತಿರ 4473 ಫಾರ್ಮ್ ತುಂಬಿ, ಹಿನ್ನೆಲೆ ತಪಾಸಣೆ ದಾಟಿ ಕೊಳ್ಳಬಹುದು. ಮನೆಯಲ್ಲಿ ಒಬ್ಬರು ಪೌರರು, ಇನ್ನೊಬ್ಬರು ಇನ್ನೂ ವೀಸಾದಲ್ಲಿ ಅಂತಿದ್ದರೆ ಗನ್ ಇಡುವ ಪೆಟ್ಟಿಗೆಯ ಕೀಲಿ ಯಾರ ಕೈಯಲ್ಲಿರುತ್ತದೆ ಅನ್ನುವುದೂ ಕಾನೂನಿನ ಪ್ರಶ್ನೆಯೇ.

ಆಮೇಲೆ ನಿಮ್ಮ ರಾಜ್ಯ. ಟೆಕ್ಸಾಸಿನಲ್ಲಿ 2021ರಿಂದ ಪರ್ಮಿಟ್ ಇಲ್ಲದೆಯೇ ಒಯ್ಯಬಹುದು. ನ್ಯೂಜೆರ್ಸಿ, ಕ್ಯಾಲಿಫೋರ್ನಿಯಾದಲ್ಲಿ ಪರ್ಮಿಟ್ ಬೇಕೇ ಬೇಕು. ಕ್ಯಾಲಿಫೋರ್ನಿಯಾ ಮತ್ತು ಮ್ಯಾಸಚೂಸೆಟ್ಸ್‌ನಲ್ಲಿ ಸರ್ಕಾರ ಒಪ್ಪಿದ ಮಾಡೆಲ್‌ಗಳ ಪಟ್ಟಿ ಇದೆ. ಮೊದಲು ಆ ಪಟ್ಟಿ ನೋಡಿ, ನಿಮ್ಮ ಆಯ್ಕೆ ಅಲ್ಲೇ ಅರ್ಧ ಮುಗಿದಿರುತ್ತದೆ.

"ರಿವಾಲ್ವರ್ ಕೆಡೋದೇ ಇಲ್ಲ" ಅನ್ನುವ ಮಾತು

ಅಂಗಡಿಯ ಕೌಂಟರಿನಲ್ಲಿ ಈ ಮಾತು ಕೇಳಿಯೇ ಕೇಳುತ್ತೀರಿ. ಅರ್ಧ ನಿಜ. ಪಿಸ್ತೂಲಿನ ಹಾಗೆ ಮ್ಯಾಗಜಿನ್ (ಗುಂಡು ತುಂಬುವ ಡಬ್ಬಿ) ತೊಂದರೆ, ಹಾರಿದ ಗುಂಡಿನ ಖಾಲಿ ಕೇಸ್ ಸಿಕ್ಕಿಕೊಳ್ಳುವುದು ಇಲ್ಲಿ ಇಲ್ಲ. ಒಂದು ಗುಂಡು ಹಾರದಿದ್ದರೆ ಟ್ರಿಗರ್ ಮತ್ತೆ ಎಳೆದರೆ ಸಾಕು, ಮುಂದಿನದು ಬರುತ್ತದೆ. ಪಿಸ್ತೂಲಿನ ಮೇಲ್ಭಾಗದ ಸ್ಲೈಡ್ ಎಳೆಯುವಷ್ಟು ಬಲ ಇಲ್ಲದ ಕೈಗಳಿಗೂ ಇದೇ ಸಲೀಸು. ಆದರೆ ರಿವಾಲ್ವರ್ ಒಮ್ಮೆ ಸಿಕ್ಕಿಕೊಂಡರೆ, ನಿಂತಲ್ಲೇ ಸರಿ ಮಾಡಲು ಆಗುವುದಿಲ್ಲ. ಬಹಳ ಸಲ ಉಪಕರಣ ಬೇಕು, ಬೆಂಚು ಬೇಕು.

ಎಲ್ಲಿ ಕೈ ಕೊಡುತ್ತದೆ? ಟ್ರಿಗರ್ ಎಳೆದಾಗ ಒಳಗಿನ ಒಂದು ಸಣ್ಣ ಪಟ್ಟಿ ಗುಂಡುಗಳು ಕೂರುವ ಸಿಲಿಂಡರನ್ನು ತಳ್ಳಿ ತಿರುಗಿಸುತ್ತದೆ. ಕೆಳಗಿನಿಂದ ಒಂದು ಕೊಕ್ಕೆ ಎದ್ದು ಅದನ್ನು ಸರಿಯಾದ ಜಾಗದಲ್ಲಿ ಲಾಕ್ ಮಾಡುತ್ತದೆ. ಆಮೇಲೆ ಗುಂಡಿಗೆ ಪೆಟ್ಟು ಕೊಡುವ ಹ್ಯಾಮರ್ ಬೀಳುತ್ತದೆ. ಈ ಮೂರರ ಲೆಕ್ಕಾಚಾರಕ್ಕೆ ಟೈಮಿಂಗ್ ಅನ್ನುತ್ತಾರೆ. ಸಿಲಿಂಡರ್ ಲಾಕ್ ಆಗುವ ಮುಂಚೆಯೇ ಹ್ಯಾಮರ್ ಬಿದ್ದರೆ ಗುಂಡು ನಳಿಗೆಯ ಬಾಯಿಗೆ ನೇರ ಹೊಂದುವುದಿಲ್ಲ. ಸೀಸದ ಚೂರು ಪಕ್ಕಕ್ಕೆ ಸಿಡಿಯುತ್ತದೆ. ಕಡಿಮೆ ಬೆಲೆಯ ರಿವಾಲ್ವರ್‌ಗಳ ಮೇಲಿನ ದೂರುಗಳಲ್ಲಿ ಇದು ಮುಖ್ಯವಾದದ್ದು. ಕಾರಣವೂ ಸರಳ. ಈ ಭಾಗಗಳನ್ನು ಒಂದೊಂದಾಗಿ ಕೂಡಿಸಿ ನೋಡುವ ಕೈಕೆಲಸ ಬೇಕು. ಬೆಲೆ ಇಳಿಸಬೇಕೆಂದರೆ ಮೊದಲು ಕತ್ತರಿ ಬೀಳುವುದು ಆ ಕೈಕೆಲಸದ ಹೊತ್ತಿಗೇ.

ಹಾಗಾಗಿ ಈ ಬೆಲೆಯಲ್ಲಿ ಬ್ರ್ಯಾಂಡಿನ ಮೇಲೆ ಆಣೆ ಇಡಬೇಡಿ. ಒಂದೇ ಮಾಡೆಲ್ಲಿನ ಎರಡು ಗನ್‌ಗಳಲ್ಲಿ ಒಂದು ಗಡಿಯಾರದ ಹಾಗೆ ನಡೆಯಬಹುದು, ಇನ್ನೊಂದು ಗುಂಡಿನ ಮೊದಲ ಪೆಟ್ಟಿಗೆ ಮುಗಿಯುವ ಮುಂಚೆಯೇ ತಡವರಿಸಬಹುದು. ನಂಬಬೇಕಾದ್ದು ನಿಮ್ಮ ಕೈಯಲ್ಲಿರುವ ಆ ಒಂದನ್ನು, ಅದೂ ಹೊಡೆದು ನೋಡಿದ ಮೇಲೆ. ಹೆಚ್ಚು ದುಡ್ಡು ಕೊಟ್ಟಾಗ ಕೆಟ್ಟದ್ದು ಬರುವ ಸಾಧ್ಯತೆ ಕಡಿಮೆ ಆಗುತ್ತದೆ, ಇಲ್ಲವಾಗುವುದಿಲ್ಲ.

ಯಾವುದನ್ನು ಅಳೆಯಬೇಕು

ನಾನು ನೋಡುವುದು ಇಷ್ಟು. ಕೂಡಿಸಿದ ಗುಣಮಟ್ಟ ಒಂದೊಂದು ಗನ್ನಿಗೂ ಎಷ್ಟು ಬದಲಾಗುತ್ತದೆ? ತೂಕ ಎಷ್ಟು? ಹ್ಯಾಮರ್ ಹೊರಗಿದೆಯಾ, ಒಳಗೆ ಮುಚ್ಚಿದೆಯಾ? ಟ್ರಿಗರ್ ನಿಮ್ಮ ಬೆರಳಿಗೆ ಒಗ್ಗುತ್ತದಾ? ಕೆಟ್ಟರೆ ರಿಪೇರಿ ಹೇಗೆ? ಬೆಲೆ ಕೊನೆಗೆ.

ಇವುಗಳಲ್ಲಿ ಜನ ಕಡೆಗಣಿಸುವುದು ತೂಕವನ್ನು. ಅಂಗಡಿಯಲ್ಲಿ ಹಿಡಿದಾಗ 400 ಗ್ರಾಂ ಗನ್ ಮುದ್ದಾಗಿಯೇ ಇರುತ್ತದೆ. ಹೊಡೆದಾಗ ಗೊತ್ತಾಗುತ್ತದೆ. ಒಂಟಿ ನಳಿಗೆ, ಜೋಡಿ ನಳಿಗೆ ಕೋವಿ ನೋಡಿ ಬೆಳೆದ ಕೊಡಗು-ಮಲೆನಾಡಿನ ಕಡೆಯವರು "ಇದೇನು ಆಟಿಕೆ" ಅನ್ನುವುದುಂಟು. ಕೋವಿಯ ಒದೆತವನ್ನು ಭುಜ ತಡೆಯುತ್ತದೆ, ಇದನ್ನು ಅಂಗೈಯೊಂದೇ ತಡೆಯಬೇಕು. ಎರಡು ಇಂಚಿನ ನಳಿಗೆಯಲ್ಲಿ ಗುರಿಯೂ ಸುಲಭಕ್ಕೆ ಸಿಗುವುದಿಲ್ಲ. ಕೈ ನೋಯುತ್ತದೆ ಅಂತ ಅಭ್ಯಾಸ ಬಿಟ್ಟರೆ ಗನ್ ಎಷ್ಟು ಗಟ್ಟಿಯಿದ್ದು ಏನು ಬಂತು? ಸ್ಟೀಲಿನದ್ದು ಜೇಬಿಗೆ ಭಾರ, ಅಭ್ಯಾಸಕ್ಕೆ ಹಿತ. ಅಲ್ಯೂಮಿನಿಯಂನದ್ದು ಅದರ ಉಲ್ಟಾ.

ತೂಕಕ್ಕೂ ನಂಬಿಕೆಗೂ ಇನ್ನೊಂದು ನೇರ ನಂಟಿದೆ. ಹಗುರ ಗನ್ ಜೋರಾಗಿ ಒದೆಯುವಾಗ ಸಿಲಿಂಡರಿನಲ್ಲಿ ಉಳಿದ ಗುಂಡುಗಳ ತುದಿಯ ಬುಲೆಟ್ ತಮ್ಮ ಕೇಸಿನಿಂದ ಸ್ವಲ್ಪ ಸ್ವಲ್ಪವೇ ಮುಂದಕ್ಕೆ ಸರಿಯಬಹುದು. ಸಿಲಿಂಡರಿನ ಮುಖದಿಂದ ಆಚೆ ತಲೆ ಹಾಕಿತೋ, ಸಿಲಿಂಡರ್ ತಿರುಗದೆ ನಿಂತುಬಿಡುತ್ತದೆ. .357 ಮ್ಯಾಗ್ನಮ್ ಅನ್ನುವ ಜೋರಾದ ಗುಂಡು ಹಾಕುವ ಹಗುರ ಗನ್‌ಗಳಲ್ಲಿ ಇದು ಜಾಸ್ತಿ.

ಅಂದ ಹಾಗೆ, .357 ಬೇಕಾ ಅಂತ ಕೇಳುವವರಿಗೆ ನನ್ನ ಉತ್ತರ ಬೇಡ. ಇಷ್ಟು ಗಿಡ್ಡ ನಳಿಗೆಯಲ್ಲಿ ಸದ್ದು, ಬೆಂಕಿ, ಒದೆತ ಪೂರ್ತಿ ನಿಮಗೇ, ಲಾಭ ಮಾತ್ರ ಅಷ್ಟಕ್ಕಷ್ಟೆ. .357 ಗನ್ ಕೊಂಡರೂ ಅದರಲ್ಲಿ ಒದೆತ ಕಡಿಮೆ ಇರುವ .38 ಸ್ಪೆಷಲ್ ಗುಂಡು ಹಾಕಿ ಹೊಡೆಯಬಹುದು. ಬಹಳ ಜನ ಕೊನೆಗೆ ಅದನ್ನೇ ಮಾಡುತ್ತಾರೆ.

ಒಂದೊಂದಾಗಿ

ಬೆಲೆಗಳು ಅಂದಾಜಿನವು. ರಾಜ್ಯ, ಅಂಗಡಿ, ಸೇಲ್ ನೋಡಿ ಏರಿಳಿಯುತ್ತವೆ.

ಟಾರಸ್ 856. ಬ್ರೆಜಿಲ್ ಮೂಲದ ಕಂಪನಿ, ಅಮೆರಿಕದ ಕಾರ್ಖಾನೆ ಜಾರ್ಜಿಯಾದ ಬೈನ್‌ಬ್ರಿಜ್‌ನಲ್ಲಿದೆ. ಬೆಲೆ 300 ಡಾಲರ್ ಆಸುಪಾಸು. ಹೆಚ್ಚಿನ ಪುಟ್ಟ ರಿವಾಲ್ವರ್‌ಗಳಲ್ಲಿ ಐದು ಗುಂಡು, ಇದರಲ್ಲಿ ಆರು. ಸ್ಟೀಲಿನದ್ದು 630 ಗ್ರಾಂ ಹತ್ತಿರ, ಅಲ್ಟ್ರಾ-ಲೈಟ್ 445 ಗ್ರಾಂ. +ಪಿ ಗುಂಡು (ಸಾದಾದ್ದಕ್ಕಿಂತ ಹೆಚ್ಚು ಒತ್ತಡದ್ದು) ತಡೆಯುತ್ತದೆ. ಈ ಬೆಲೆಯಲ್ಲಿ ಇಷ್ಟು ಕೊಡುವ ಇನ್ನೊಂದು ಗನ್ ಹುಡುಕುವುದು ಕಷ್ಟ. ಟಾರಸ್ ಹೆಸರಿಗೆ ಹಳೆಯ ಕಳಂಕ ಉಂಟು: ಬಿದ್ದರೆ ಗುಂಡು ಹಾರುತ್ತದೆ ಅನ್ನುವ ಆರೋಪದ ದೊಡ್ಡ ಮೊಕದ್ದಮೆ 2015-16ರ ಸುಮಾರಿಗೆ ರಾಜಿಯಾಯಿತು. ಅದು ಪಿಸ್ತೂಲುಗಳ ವಿಷಯ, ಈ ರಿವಾಲ್ವರ್‌ಗಳದ್ದಲ್ಲ. 856ರ ಸಮಸ್ಯೆ ಬೇರೆ, ಒಂದಕ್ಕೊಂದು ಹೋಲದ ಗುಣಮಟ್ಟ. ಸರಿಯಾದದ್ದು ಸಿಕ್ಕರೆ ವರ್ಷಗಟ್ಟಲೆ ತಕರಾರಿಲ್ಲ. ಕೆಟ್ಟದ್ದು ಸಿಕ್ಕರೆ ವಾರಂಟಿಗೆ ಕಳಿಸಿ ವಾರಗಟ್ಟಲೆ ಕಾಯಬೇಕು. ಅಷ್ಟು ದಿನ ನಿಮ್ಮ ಹತ್ತಿರ ಏನೂ ಇಲ್ಲ ಅನ್ನುವುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಕೊಳ್ಳುವುದಾದರೆ ಸ್ಟೀಲಿನದ್ದೇ ಕೊಳ್ಳಿ.

ಚಾರ್ಟರ್ ಆರ್ಮ್ಸ್ ಅಂಡರ್‌ಕವರ್. ಕನೆಕ್ಟಿಕಟ್ಟಿನ ಕಂಪನಿ, 1964ರಲ್ಲಿ ಶುರುವಾದದ್ದು. ನಡುವೆ ದಿವಾಳಿ ಎದ್ದು ಮತ್ತೆ ಚೇತರಿಸಿಕೊಂಡಿದೆ. ಐದು ಗುಂಡು, ಸ್ಟೀಲಿನಲ್ಲೇ 450 ಗ್ರಾಂ ಆಸುಪಾಸು, ಇದು ಇದರ ದೊಡ್ಡ ಗುಣ. ಚೌಕಟ್ಟಿನಲ್ಲಿ ಬಿಚ್ಚುವ ಪಕ್ಕದ ಪಟ್ಟಿ ಇಲ್ಲ, ಹಾಗಾಗಿ ಗಟ್ಟಿ. ಟ್ರಿಗರ್ ಮಾತ್ರ ಒರಟು, ಒಳಗಿನ ಫಿನಿಶಿಂಗೂ ಅಷ್ಟೇ. ಒಂದರಿಂದ ಇನ್ನೊಂದಕ್ಕೆ ಗುಣ ಬದಲಾಗುವುದು ಟಾರಸ್‌ಗಿಂತ ಕಡಿಮೆ ಅಂತ ನನಗೆ ಅನ್ನಿಸಿಲ್ಲ. ಬೆಲೆ ಟಾರಸ್‌ಗಿಂತ ಸ್ವಲ್ಪ ಜಾಸ್ತಿಯೇ. ಇದೇ ಕಂಪನಿಯ, ಇನ್ನೂ ದಪ್ಪ .44 ಸ್ಪೆಷಲ್ ಗುಂಡಿನ ಬುಲ್‌ಡಾಗ್‌ಗೆ ಅಭಿಮಾನಿಗಳಿದ್ದಾರೆ, ಆದರೆ ಮೊದಲ ಗನ್ ಆಗಿ ಅದು ಯಾರಿಗೂ ಬೇಡ.

ರಾಕ್ ಐಲೆಂಡ್ ಎಂ206. ಫಿಲಿಪ್ಪೀನ್ಸಿನ ಆರ್ಮ್‌ಸ್ಕಾರ್ ತಯಾರಿ. ಈ ಗುಂಪಿನಲ್ಲೇ ಅಗ್ಗ. ಆರು ಗುಂಡು, ಪೂರ್ತಿ ಸ್ಟೀಲು, 700 ಗ್ರಾಂ ಹತ್ತಿರ. ನೋಡಲು ಒರಟು, ಫಿನಿಶ್ ಬೇಗ ಸವೆಯುತ್ತದೆ. ಹೊಂದುವ ಹೋಲ್‌ಸ್ಟರ್ (ಗನ್ ಒಯ್ಯುವ ಚೀಲ) ಸಿಗುವುದೂ ಕಷ್ಟವೇ. ಸಾದಾ .38 ಗುಂಡೇ ಹಾಕಿ, +ಪಿ ಗೋಜಿಗೆ ಹೋಗಬೇಡಿ. ಮನೆಯಲ್ಲಿ ಅಥವಾ ಅಂಗಡಿಯ ಲಾಕರಿನಲ್ಲಿ ಇಡುವುದಕ್ಕೆ ಪರವಾಗಿಲ್ಲ. ದಿನಾ ಜೇಬಿನಲ್ಲಿ ಒಯ್ಯುವುದಕ್ಕೆ ಭಾರ.

ರೊಸ್ಸಿ. ಟಾರಸ್‌ನ ಬಳಗದ್ದೇ ಬ್ರೆಜಿಲ್ ಬ್ರ್ಯಾಂಡು. ಈಚಿನ ಆರ್‌ಪಿ63 ಮೂರು ಇಂಚು ನಳಿಗೆಯ ಆರು ಗುಂಡಿನ .357. ಜೇಬಿಗಲ್ಲ, ಸೊಂಟಕ್ಕೆ. .38 ಹಾಕಿ ಹೊಡೆದರೆ ತುಂಬಾ ಹಿತ. ಆದರೆ ಹಳೆಯ ರೊಸ್ಸಿ ವಿಷಯದಲ್ಲಿ ಎಚ್ಚರ. 2005ರಿಂದ 2017ರ ನಡುವೆ ತಯಾರಾದ ಹಲವು .38 ಮತ್ತು .357 ರೊಸ್ಸಿ ರಿವಾಲ್ವರ್‌ಗಳು ಕೆಳಗೆ ಬಿದ್ದರೆ ಗುಂಡು ಹಾರಬಹುದು ಅಂತ 2018ರಲ್ಲಿ ಸುರಕ್ಷತಾ ಸೂಚನೆ ಬಂತು. ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ಅಗ್ಗಕ್ಕೆ ರೊಸ್ಸಿ ಕಂಡರೆ ಸೀರಿಯಲ್ ನಂಬರ್ ಪರಿಶೀಲಿಸದೆ ಮುಟ್ಟಬೇಡಿ.

ಸ್ಮಿತ್ ಆ್ಯಂಡ್ ವೆಸ್ಸನ್ 442, 642. ಇವೆರಡೂ ಒಂದೇ, ಒಂದು ಕಪ್ಪು, ಇನ್ನೊಂದು ಬೆಳ್ಳಿ ಬಣ್ಣ. 450 ಡಾಲರ್ ಆಸುಪಾಸು. 1950ರಲ್ಲಿ ಬಂದ ಇದೇ ಕಂಪನಿಯ ಚೀಫ್ಸ್ ಸ್ಪೆಷಲ್ ರಿವಾಲ್ವರಿನ ವಂಶ ಇದು. ಪೊಲೀಸರ ಎರಡನೇ ಗನ್ ಆಗಿ ಪಳಗಿದ ವಿನ್ಯಾಸ. ಐದು ಗುಂಡು, 410 ಗ್ರಾಂ, ಹ್ಯಾಮರ್ ಪೂರ್ತಿ ಒಳಗೆ. ಜೇಬಿನಿಂದ ತೆಗೆಯುವಾಗ ಬಟ್ಟೆಗೆ ಸಿಕ್ಕಿಕೊಳ್ಳುವ ಕೊಕ್ಕೆ ಇಲ್ಲ. ಹೋಲ್‌ಸ್ಟರ್, ಹಿಡಿಕೆ, ಬಿಡಿ ಭಾಗ ಎಲ್ಲ ಊರಲ್ಲೂ ಸಿಗುತ್ತವೆ, ರಿಪೇರಿ ಗೊತ್ತಿದ್ದವರೂ ಸಿಗುತ್ತಾರೆ. ಟ್ರಿಗರ್ ಮಾತ್ರ ಗಟ್ಟಿ, 12 ಪೌಂಡ್ ಆಸುಪಾಸು. ಗುರಿ ಹಿಡಿಯುವ ಮುಂದಿನ ಸೈಟು ಸಣ್ಣದು, ನಲವತ್ತು ದಾಟಿದ ಕಣ್ಣಿಗೆ ಸುಲಭಕ್ಕೆ ಕಾಣುವುದಿಲ್ಲ. ಪಕ್ಕದಲ್ಲಿ ಕೀಲಿ ತೂತಿನ ಒಳ ಲಾಕ್ ಇರುವುದೂ ಉಂಟು, ಇಲ್ಲದ್ದೂ ಉಂಟು. ನಾನಾದರೆ ಇಲ್ಲದ್ದನ್ನು ಕೇಳಿ ತಗೊಳ್ಳುತ್ತೇನೆ.

ರುಗರ್ ಎಲ್‌ಸಿಆರ್. 2009ರಲ್ಲಿ ಬಂತು. 500ರಿಂದ 600 ಡಾಲರ್, ಅಂದರೆ ಅಗ್ಗ ಅನ್ನುವ ಮಾತಿನ ಅಂಚಿನಲ್ಲಿದೆ. ಹಿಂಭಾಗದ ಚೌಕಟ್ಟು ಪಾಲಿಮರ್, .38 ಮಾಡೆಲ್ ಬರೀ 383 ಗ್ರಾಂ. ಇದರ ಟ್ರಿಗರಿಗೆ ಈ ಗುಂಪಿನಲ್ಲಿ ಸಾಟಿ ಇಲ್ಲ, ಕೈ ಬಲ ಕಡಿಮೆ ಇದ್ದವರು ಇದನ್ನೊಮ್ಮೆ ಎಳೆದು ನೋಡಲೇಬೇಕು. ಒಂದು ಅಡ್ಡಿ: ಬೆರಳನ್ನು ಪೂರ್ತಿ ಮುಂದಕ್ಕೆ ಬಿಡದೆ ಅರ್ಧದಲ್ಲೇ ಮತ್ತೆ ಎಳೆದರೆ ಗುಂಡು ಹಾರದೆ ಹೋಗಬಹುದು. ಅಭ್ಯಾಸದಿಂದ ಸರಿಹೋಗುತ್ತದೆ. ರುಗರ್ ಬರಹದ ವಾರಂಟಿ ಕೊಡುವುದಿಲ್ಲ, ಆದರೂ ರಿಪೇರಿ ವಿಷಯದಲ್ಲಿ ಅದಕ್ಕಿರುವ ಒಳ್ಳೆಯ ಹೆಸರು ಬೇರೆಯವರಿಗೆ ಕಡಿಮೆ.

ಹಾಗಾದರೆ ಯಾರಿಗೆ ಯಾವುದು?

ಮೊದಲು ಒಂದು ಲೆಕ್ಕ. ಗನ್ ಬೆಲೆಯೊಂದೇ ಖರ್ಚಲ್ಲ. ಅಭ್ಯಾಸದ 200 ಗುಂಡು, ಜೊತೆಗೆ ಒಯ್ಯುವ ಒಳ್ಳೆಯ ಗುಂಡು ಎರಡು ಪೆಟ್ಟಿಗೆ, ಹೋಲ್‌ಸ್ಟರ್, ಬೀಗದ ಪೆಟ್ಟಿಗೆ. ಕಡಿಮೆ ಅಂದರೂ 200 ಡಾಲರ್ ಮೇಲೆ ಆಗುತ್ತದೆ. ಕೈಯಲ್ಲಿ ಒಟ್ಟು 500 ಡಾಲರ್ ಇದ್ದರೆ 450ರ 642 ಕೊಂಡು ಗುಂಡಿಗೆ ದುಡ್ಡಿಲ್ಲದೆ ಕೂರುವುದಕ್ಕಿಂತ, ಸ್ಟೀಲಿನ 856 ಕೊಂಡು ಉಳಿದದ್ದನ್ನು ರೇಂಜಿನಲ್ಲಿ (ಗುಂಡು ಹೊಡೆದು ಅಭ್ಯಾಸ ಮಾಡುವ ಜಾಗ) ಗುಂಡಿಗೆ ಖರ್ಚು ಮಾಡುವುದು ಮೇಲು. ಹೊಡೆದು ನೋಡದ ಹೆಸರಾಂತ ಗನ್‌ಗಿಂತ ಹೊಡೆದು ನೋಡಿದ ಅಗ್ಗದ ಗನ್ ಎಷ್ಟೋ ವಾಸಿ.

ಒಟ್ಟು 700 ಇದ್ದು, ದಿನಾ ಪ್ಯಾಂಟಿನ ಜೇಬಿನಲ್ಲಿ ಒಯ್ಯುವುದೇ ಗುರಿಯಾದರೆ 642ಕ್ಕೇ ಹೋಗಿ. ಸಂಧಿವಾತ ಇದ್ದರೆ, ಬೆರಳಿಗೆ ಬಲ ಸಾಲದಿದ್ದರೆ ಇನ್ನೊಂದು ನೂರು ಸೇರಿಸಿ ಎಲ್‌ಸಿಆರ್. ಇನ್ನೂ ಒಂದು ತಿಂಗಳು ಕಾಯಬೇಕಾದರೂ ಸರಿ. ಜೇಬಿನಲ್ಲಿ ಒಯ್ಯದೆ ಸೊಂಟಕ್ಕೆ ಕಟ್ಟುವವರಿಗೆ ಹಗುರ ಗನ್ ಹಿಂದೆ ಬೀಳುವ ಅಗತ್ಯವೇ ಇಲ್ಲ. ಸ್ಟೀಲಿನ 856, ಅದರಲ್ಲೂ ಮೂರು ಇಂಚಿನದ್ದು ಸಿಕ್ಕರೆ ಅಭ್ಯಾಸವೂ ಆಗುತ್ತದೆ, ಗುರಿಯೂ ಸಿಗುತ್ತದೆ. ಚಾರ್ಟರನ್ನು ನಾನು ಒಬ್ಬರಿಗೆ ಮಾತ್ರ ಹೇಳುತ್ತೇನೆ. ಸ್ಟೀಲೇ ಬೇಕು, ಹಗುರವೂ ಬೇಕು, ಟ್ರಿಗರ್ ಒರಟಿದ್ದರೂ ಸೈ ಅನ್ನುವವರಿಗೆ.

ಹೆಂಡತಿಗೆ ಅಂತ ಗಂಡ ಹೋಗಿ ಅತೀ ಹಗುರದ್ದನ್ನು ಆರಿಸಿ ತರುವುದು ಕಾಣುತ್ತದೆ. ದಯವಿಟ್ಟು ಬೇಡ. ಯಾರು ಹೊಡೆಯುತ್ತಾರೋ ಅವರ ಕೈಯಲ್ಲೇ ಆಯ್ಕೆ ಇರಲಿ. ದೊಡ್ಡ ರೇಂಜುಗಳಲ್ಲಿ ಬಾಡಿಗೆಗೆ ಎರಡು ಮೂರು ಮಾಡೆಲ್ ಸಿಗುತ್ತವೆ, ಒಮ್ಮೆ ಹೊಡೆದು ನೋಡಿದರೆ ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ.

ಕೌಂಟರಿನಲ್ಲೇ ನೋಡಿ

ಮಾಡೆಲ್ ಗೊತ್ತಾಯಿತು. ಇನ್ನು ಆ ಒಂದು ಗನ್. ಗನ್ ಖಾಲಿ ಇದೆ ಅಂತ ಅಂಗಡಿಯವರ ಮುಂದೆ ಸಿಲಿಂಡರ್ ತೆರೆದು ನೋಡಿ, ಮತ್ತೊಮ್ಮೆ ನೋಡಿ. ಖಾಲಿ ಟ್ರಿಗರ್ ಎಳೆಯಲು ಅವರನ್ನು ಕೇಳಿ. ನಿಧಾನಕ್ಕೆ, ತುಂಬಾ ನಿಧಾನಕ್ಕೆ ಎಳೆಯಿರಿ. ಹ್ಯಾಮರ್ ಬೀಳುವ ಮುಂಚೆ ಸಿಲಿಂಡರ್ ಟಕ್ ಅಂತ ಲಾಕ್ ಆಗಬೇಕು. ಎಲ್ಲ ಐದು ಅಥವಾ ಆರು ಕೋಣೆಗಳಿಗೂ ಹೀಗೆಯೇ ಮಾಡಿ. ಒಂದು ಕೋಣೆ ಮಾತ್ರ ತಡವಾಗಿ ಲಾಕ್ ಆಗುವುದು ಸಾಮಾನ್ಯ ದೋಷ, ಒಂದೇ ಸಲ ಎಳೆದು ಬಿಟ್ಟರೆ ಗೊತ್ತಾಗುವುದಿಲ್ಲ. ಸಿಲಿಂಡರನ್ನು ಹಿಂದೆ ಮುಂದೆ ಅಲ್ಲಾಡಿಸಿ, ಕಣ್ಣಿಗೆ ಕಾಣುವಷ್ಟು ಆಡಬಾರದು. ಸಿಲಿಂಡರಿಗೂ ನಳಿಗೆಗೂ ನಡುವಿನ ಸಂದು ಬೆಳಕಿಗೆ ಹಿಡಿದು ನೋಡಿ. ಇಂಚಿನ ಸಾವಿರದಲ್ಲಿ 4ರಿಂದ 8 ಭಾಗ ಇದ್ದರೆ ಸರಿ. ಒಂದು ಕಡೆ ತಾಗಿ, ಇನ್ನೊಂದು ಕಡೆ ಅಗಲ ಇದ್ದರೆ ವಾಪಸ್ ಕೊಡಿ. ಪೆಟ್ಟಿಗೆಯಿಂದ ಇನ್ನೊಂದು ತೆಗೆದು ತೋರಿಸಿ ಅಂತ ಕೇಳಲು ಸಂಕೋಚ ಬೇಡ.

ಮನೆಗೆ ತಂದ ಮೇಲೆ ಸ್ಪ್ರಿಂಗ್ ಬದಲಿಸಿ ಟ್ರಿಗರ್ ಹಗುರ ಮಾಡುವ ಆಸೆ ಬರುತ್ತದೆ. 20 ಡಾಲರಿಗೆ ಕಿಟ್ ಸಿಗುತ್ತದೆ, ವಿಡಿಯೋ ಕೂಡ ಇದೆ. ಸ್ಪ್ರಿಂಗ್ ಸಡಿಲವಾದಷ್ಟೂ ಹ್ಯಾಮರಿನ ಪೆಟ್ಟು ಮೆತ್ತಗಾಗುತ್ತದೆ, ಗಟ್ಟಿ ಪ್ರೈಮರ್ (ತಳದಲ್ಲಿ ಕಿಡಿ ಹೊತ್ತಿಸುವ ಭಾಗ) ಇರುವ ಗುಂಡು ಸಿಡಿಯದೆ ಸುಮ್ನೆ ಕೂರುತ್ತದೆ. ಸರಿಯಾಗಿದ್ದ ಗನ್ನನ್ನು ನಾವೇ ಕೆಡಿಸುವ ದಾರಿ ಇದು.

ರೇಂಜಿನಲ್ಲಿ ಮೊದಲ 200 ಸಾದಾ ಗುಂಡು ಹೊಡೆಯುವಾಗ ಮೂರು ಗಮನಿಸಿ: ಗುಂಡು ಸಿಡಿಯದೆ ಉಳಿಯಿತಾ, ಸಿಲಿಂಡರ್ ಬಿಗಿಯಾಯಿತಾ, ಪಕ್ಕಕ್ಕೆ ಚೂರು ಸಿಡಿಯಿತಾ. ಬಿಗಿಯಾದರೆ ಗಾಬರಿ ಬೇಡ. ಖಾಲಿ ಕೇಸ್ ತಳ್ಳುವ ನಕ್ಷತ್ರದ ಆಕಾರದ ಭಾಗದ ಕೆಳಗೆ ಸುಡದ ಮದ್ದಿನ ಪುಡಿ ಕೂತಿದೆಯಾ ನೋಡಿ. ಹಳೆಯ ಟೂತ್‌ಬ್ರಶ್ಶಿನಲ್ಲಿ ತೆಗೆದು ಮತ್ತೆ ಹೊಡೆಯಿರಿ. ಮುಂದೆಯೂ ಖಾಲಿ ಮಾಡುವಾಗ ನಳಿಗೆ ಮೇಲ್ಮುಖವಾಗಿ ಹಿಡಿದು ಕೇಸ್ ಬೀಳಿಸಿದರೆ ಆ ಪುಡಿ ಅಲ್ಲಿ ಸೇರುವುದಿಲ್ಲ. ಆಮೇಲೆ ನೀವು ಒಯ್ಯಲಿರುವ ಗುಂಡನ್ನೇ ಹಾಕಿ. ಐದರಲ್ಲಿ ನಾಲ್ಕು ಹೊಡೆದು ಕೊನೆಯದನ್ನು ಹೊರತೆಗೆದು ಹೊಸದರ ಪಕ್ಕ ಇಟ್ಟು ಅಳೆಯಿರಿ. ಉದ್ದ ಜಾಸ್ತಿಯಾಗಿದ್ದರೆ ಬುಲೆಟ್ ಸರಿಯುತ್ತಿದೆ, ಗುಂಡಿನ ಬ್ರ್ಯಾಂಡ್ ಬದಲಿಸಿ.

ಕೈಗೆ ಸುಲಭವಾದ ಗುಂಡು ಬೇಕೆಂದರೆ 148 ಗ್ರೇನ್ (ಬುಲೆಟ್ಟಿನ ತೂಕದ ಅಳತೆ) ವಾಡ್‌ಕಟರ್, ಅಂದರೆ ತಲೆ ಚಪ್ಪಟೆಯಾದ ಗುಂಡು, ನೋಡಿ. ಒದೆತ ಕಡಿಮೆ, ಹಗುರ ಗನ್‌ನಲ್ಲೂ ಎರಡನೇ ಗುಂಡು ಗುರಿಗೆ ಬೇಗ ಬರುತ್ತದೆ.

ಜೇಬಿನಲ್ಲಿ ಒಯ್ಯುವುದಾದರೆ ಟ್ರಿಗರ್ ಮುಚ್ಚುವ ಜೇಬಿನ ಹೋಲ್‌ಸ್ಟರ್ ಕಡ್ಡಾಯ. ಆ ಜೇಬಿನಲ್ಲಿ ಕಾರಿನ ಕೀ, ಚಿಲ್ಲರೆ, ಟಿಶ್ಯೂ ಏನೂ ಇರಬಾರದು. ಬಟ್ಟೆಯ ಧೂಳು, ನಾರು ಸಿಲಿಂಡರಿನ ಸಂದಿಗೆ ಸೇರುತ್ತದೆ, ತಿಂಗಳಿಗೊಮ್ಮೆಯಾದರೂ ತೆಗೆದು ಒರೆಸಿ. ಮನೆಗೆ ಬಂದ ಕೂಡಲೇ ಬೀಗದ ಪೆಟ್ಟಿಗೆಗೆ. ಮಕ್ಕಳಿರುವ ಮನೆಯಲ್ಲಿ ಬೀರುವಿನ ಮೇಲಿನ ಖಾನೆ, ದಿಂಬಿನ ಕೆಳಗೆ ಅನ್ನುವ ಮಾತೇ ಬೇಡ.

ಪರೀಕ್ಷೆಯಲ್ಲಿ ಸೋತರೆ ಏನು ಮಾಡುವುದು? ಗನ್ ಪೂರ್ತಿ ಒರೆಸಿ, ಬೇರೆ ಬ್ರ್ಯಾಂಡಿನ ಗುಂಡು ಹಾಕಿ ಇನ್ನೊಮ್ಮೆ ನೋಡಿ. ಮತ್ತೂ ಸೋತರೆ ಯಾವ ಕೋಣೆಯಲ್ಲಿ, ಎಷ್ಟನೇ ಗುಂಡಿಗೆ, ಯಾವ ಬ್ರ್ಯಾಂಡಿಗೆ ಅಂತ ಬರೆದಿಟ್ಟು ಕಂಪನಿಗೆ ಫೋನ್ ಮಾಡಿ. ನೀವೇ ಪಾರ್ಸೆಲ್ ಮಾಡಲು ಹೋಗಬೇಡಿ, ಕೈಬಂದೂಕು ಕಳಿಸುವುದಕ್ಕೆ ಅಂಚೆ, ಕೊರಿಯರ್ ಎರಡರಲ್ಲೂ ಕಟ್ಟುಪಾಡುಗಳಿವೆ. ಕಂಪನಿ ಕಳಿಸುವ ಲೇಬಲ್ಲಿಗೇ ಕಾಯಿರಿ. ರಿಪೇರಿಯಾಗಿ ಬಂದದ್ದನ್ನು ಹೊಸದೇ ಅಂತ ತಿಳಿದು 200 ಗುಂಡಿನ ಪರೀಕ್ಷೆ ಮತ್ತೆ ಮಾಡಿ. ಎರಡನೇ ಸಲವೂ ಸೋತರೆ ದೋಷ ಇಂಥದ್ದು ಅಂತ ಮುಚ್ಚುಮರೆ ಇಲ್ಲದೆ ಹೇಳಿ ಅಂಗಡಿಗೆ ಮಾರಿಬಿಡಿ. ನೂರು ಡಾಲರ್ ನಷ್ಟ ಆಗುತ್ತದೆ, ಆಗಲಿ.